ಸಹಿ ಯಾವ ಹೆಸರಲ್ಲಿ ಮಾಡ್ಲಿ ಮಿಸ್?

ನಾನು ಮೊದಲು ಗಮನಿಸಿದ್ದು ಬಾಟಲಿಯನ್ನು. ಹಸಿರು ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಕಳೆಯದಿರಲಿ ಅಂತ ಕೊರಳಿಗೆ ದಾರ ಕಟ್ಟಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಬರುವಾಗ ತುಂಬಿರುತ್ತಿತ್ತು. ಸಂಜೆ ಬೆಲ್ ಹೊಡೆದು ಮಕ್ಕಳೆಲ್ಲ ಬ್ಯಾಗ್ ಏರಿಸಿಕೊಂಡು ಓಡುವಾಗಲೂ ಹಾಗೇ ತುಂಬಿರುತ್ತಿತ್ತು. ಒಂದು ಗುಟುಕೂ ಕಡಿಮೆಯಾಗುತ್ತಿರಲಿಲ್ಲ. ಕಣ್ಣಿಗೆ ಬಿದ್ದಿತ್ತು, ಆದರೆ ತಲೆಗೆ ಹೋಗಲಿಲ್ಲ. ನಲವತ್ತೆರಡು ಮಕ್ಕಳ ಒಂಬತ್ತನೇ ಕ್ಲಾಸು, ಯಾರ ಬಾಟಲಿಯಲ್ಲಿ ಎಷ್ಟು ನೀರಿದೆ ಅಂತ ಯಾವ ಟೀಚರ್ ನೋಡುತ್ತಾರೆ?

2023ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯ ದಿನದ ಕವಾಯತು ಅಭ್ಯಾಸ ನಡೆಯುವಾಗ, ಆ ಬಾಟಲಿಯ ಮಗು ಮೈದಾನದಲ್ಲಿ ಕುಸಿದು ಬಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ನೋಡಿ, 'ಯೂರಿನ್ ಇನ್‌ಫೆಕ್ಷನ್ ಜೋರಾಗಿದೆ. ಇವರು ನೀರೇ ಕುಡೀತಿಲ್ಲ ಮೇಡಂ' ಎಂದರು. ಗ್ಲೂಕೋಸ್ ಏರಿಸಿದರು. ನಾನು ಮಂಚದ ಪಕ್ಕದ ಸ್ಟೂಲ್ ಮೇಲೆ ಕೂತೆ.

'ಯಾಕೆ ಪುಟ್ಟ, ನೀರು ಕುಡಿಯಲ್ವಾ?'

'ಕುಡಿದ್ರೆ ಹೋಗ್ಬೇಕಾಗುತ್ತೆ ಮಿಸ್.'

'ಹೋಗ್ಬೇಕಪ್ಪ ಮತ್ತೆ.'

'ಎಲ್ಲಿಗೆ ಮಿಸ್?'

ಆಗ ಎಲ್ಲ ಹೇಳಿತು. ಹುಡುಗಿಯರ ಟಾಯ್ಲೆಟ್‌ಗೆ ಹೋದರೆ ಕಿರುಚುತ್ತಾರೆ. ಜುಲೈನಲ್ಲಿ ಒಂದು ದಿನ ಹೊರಗಿನಿಂದ ಚಿಲಕ ಹಾಕಿಬಿಟ್ಟರು. ಮೂರನೇ ಪೀರಿಯಡ್ ಪೂರ್ತಿ ಒಳಗೇ ನಿಂತಿದ್ದು, ಆಮೇಲೆ ಅಡುಗೆ ಅಕ್ಕ ಬಕೆಟ್ ತರಲು ಬಂದಾಗ ಬಾಗಿಲು ತೆಗೆದರು. ಮೂರನೇ ಪೀರಿಯಡ್ ನನ್ನದು. ಆ ದಿನ ನಾನು 'ಎಲ್ಲಿ ಹೋದ್ಳು ಇವಳು?' ಅಂತ ಕೇಳಿದ್ದೂ, ಯಾರೋ ಕಿಸಕ್ಕನೆ ನಕ್ಕಿದ್ದೂ, ನಾನು ಪಾಠ ಮುಂದುವರಿಸಿದ್ದೂ ನೆನಪಿಗೆ ಬಂತು. ಇವತ್ತಿಗೂ ಆ ನಗು ನನ್ನ ಕಿವಿಯಲ್ಲಿದೆ.

ಹೊರಡುವ ಮುಂಚೆ ಆ ಮಗು ಮೆಲ್ಲಗೆ ಕೇಳಿತು: 'ಮಿಸ್, ಈಗ ನನಗೆ ಹೋಗ್ಬೇಕಪ್ಪ ಅಂದ್ರಲ್ಲ. ಗೊತ್ತಿದ್ದೇ ಅಂದ್ರಾ?'

ಗೊತ್ತಿರಲಿಲ್ಲ. ನಮ್ಮ ಕಡೆ ಯಾವ ಮಗುವಿಗಾದರೂ ಹಾಗೆ ಬಾಯಿತಪ್ಪಿ ಬರುತ್ತದೆ. ಆದರೆ ಆ ಒಂದು 'ಅಪ್ಪ'ವನ್ನು ಆ ಮಗು ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಆ ಹಸಿರು ಬಾಟಲಿಯ ಹುಡುಗನನ್ನು ಇಲ್ಲಿ ಚೇತು ಎಂದು ಕರೆಯುತ್ತೇನೆ. ಅದು ರಿಜಿಸ್ಟರಿನ ಹೆಸರಲ್ಲ, ಅವನು ತನಗೆ ಇಟ್ಟುಕೊಂಡ ಹೆಸರೂ ಅಲ್ಲ. ಬರೆದದ್ದನ್ನು ಅವನಿಗೆ ಓದಲು ಕೊಟ್ಟಿದ್ದೆ. ಎರಡು ಕಡೆ ಗೀಟು ಹಾಕಿ ತೆಗೆಸಿದ, ಉಳಿದದ್ದಕ್ಕೆ ಸರಿ ಅಂದ.

ಹುಟ್ಟಿದಾಗ ಹೆಣ್ಣುಮಗು ಎಂದು ಬರೆದರು. ಅವನಿಗೆ ತಿಳಿವಳಿಕೆ ಬಂದಾಗಿನಿಂದ ತಾನು ಹುಡುಗ. ಏಳನೇ ಕ್ಲಾಸಿನಲ್ಲಿದ್ದಾಗ ಮನೆಯವರೆಲ್ಲ ತಿರುಪತಿಗೆ ಹೋದರಂತೆ. ಅಲ್ಲಿ ಇವನು ತಾನೂ ಮುಡಿ ಕೊಡುತ್ತೇನೆ ಅಂತ ಹಟ ಹಿಡಿದು ಕೂತ. ಪರೀಕ್ಷೆಗೆ ಹರಕೆ ಹೊತ್ತಿದ್ದೇನೆ ಅಂದ. ದೇವರ ಹೆಸರು ಬಂದ ಮೇಲೆ ಅಜ್ಜಿ ಬೇಡ ಅನ್ನಲಿಲ್ಲ. 'ಕನ್ನಡಿ ನೋಡಿದಾಗ ಮೊದಲ ಸಲ ನಾನೇ ಕಂಡೆ ಮಿಸ್' ಎಂದು ಹೇಳಿದ್ದ. ಆ ಮೇಲೆ ಕೂದಲು ಬೆಳೆಯಲು ಬಿಡಲೇ ಇಲ್ಲ. ಎರಡು ಜಡೆ, ರಿಬ್ಬನ್ ಕಡ್ಡಾಯ ಇದ್ದ ಶಾಲೆಗೆ ಕ್ರಾಪ್ ಮಾಡಿಸಿಕೊಂಡು, ಚೂಡಿದಾರ್ ಹಾಕಿಕೊಂಡು ಬರುತ್ತಿದ್ದ. ಊರಲ್ಲಿ ಗಂಡುಬೀರಿ ಅನ್ನುತ್ತಿದ್ದರು. ನಾನೂ ಸ್ಟಾಫ್ ರೂಮಿನಲ್ಲಿ ಒಮ್ಮೆ ಆ ಮಾತು ಆಡಿದ್ದೇನೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದ್ದೆ. ಅದನ್ನೂ ಹೇಳಬೇಕು.

ಜೂನ್ ಕೊನೆಯಲ್ಲಿ ವ್ಯಾಕರಣ ಪಾಠ. ಲಿಂಗಗಳು. ಬೋರ್ಡಿನ ಮೇಲೆ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಮೂರು ಕಾಲಂ ಎಳೆದೆ. ಉದಾಹರಣೆ ಹೇಳಿ ಅಂದೆ. ರಾಜ, ಅರಸಿ, ಮರ, ಕಲ್ಲು ಎಲ್ಲ ಬಂತು. ಮೂರನೇ ಕಾಲಂಗೆ ಚಾಕ್ ಹಿಡಿದಾಗ ಕೊನೇ ಬೆಂಚಿನಿಂದ ಒಬ್ಬ ಚೇತುವಿನ ಹೆಸರು ಹೇಳಿದ. ಇಡೀ ಕ್ಲಾಸು ನಕ್ಕಿತು. ನಾನು ಡಸ್ಟರ್ ಕುಟ್ಟಿ 'ಸೈಲೆನ್ಸ್' ಅಂದು ಮುಂದಿನ ಉದಾಹರಣೆಗೆ ಹೋದೆ. ಆ ದಿನದಿಂದ ಅವನಿಗೆ ಅದೇ ಹೆಸರಾಯಿತು. 'ಅದು ಬಂತು', 'ಅದು ಹೋಯ್ತು', 'ಅದರ ಬ್ಯಾಗ್ ಎತ್ತಿಡ್ರೋ'. ಬೈಗುಳವೇ ಇಲ್ಲ ನೋಡಿ, ಬರೀ ವ್ಯಾಕರಣ. ದೂರು ಕೊಟ್ಟರೂ ಏನಂತ ಕೊಡುವುದು?

ಆಸ್ಪತ್ರೆಯಿಂದ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ಪಾಠವನ್ನೇ ಮತ್ತೆ ಯೋಚನೆ ಮಾಡಿದೆ. ನಮ್ಮ ಭಾಷೆಯಲ್ಲಿ ನಾನು ಬಂದೆ, ನೀನು ಬಂದೆ. ಇಲ್ಲಿ ಗಂಡು ಹೆಣ್ಣು ಇಲ್ಲ. ಎದುರಿಗೆ ನಿಂತವರ ಜೊತೆ ಮಾತಾಡುವಷ್ಟು ಹೊತ್ತು ಕನ್ನಡದ ಕ್ರಿಯಾಪದ ಯಾರ ಲಿಂಗವನ್ನೂ ಕೇಳುವುದಿಲ್ಲ. ಆ ಕಡೆ ತಿರುಗಿ ಇನ್ನೊಬ್ಬರ ಹತ್ತಿರ ಹೇಳುವಾಗ ಮಾತ್ರ ಬಂದನು, ಬಂದಳು, ಬಂದಿತು ಅಂತ ಬೇಕಾಗುತ್ತದೆ. ಅಲ್ಲೂ ಮರ್ಯಾದೆ ಕೊಟ್ಟು 'ಬಂದರು' ಅಂದುಬಿಟ್ಟರೆ ಮತ್ತೆ ಭೇದ ಹೋಯಿತು. ಇನ್ನು ಶಿಶು, ಮಗು, ಕೂಸು. ಇವಕ್ಕೆ ನಿತ್ಯ ನಪುಂಸಕಲಿಂಗ ಅಂತಲೇ ಹೆಸರು. ರೂಪದಲ್ಲಿ ಗಂಡಿರಲಿ ಹೆಣ್ಣಿರಲಿ, ಮಗು ಬಂತು, ಮಗು ಅತ್ತಿತು. ಅಲ್ಲಿ ಅದು ಮುದ್ದಿನ ಮಾತು. ಅದೇ 'ಅದು' ನನ್ನ ಕ್ಲಾಸಿನಲ್ಲಿ ಕಲ್ಲಾಗಿತ್ತು.

ಮಾರನೇ ವಾರ ಆ ಪಾಠ ಮತ್ತೆ ಮಾಡಿದೆ. ಚೇತುವಿನ ಹೆಸರು ಎತ್ತಲಿಲ್ಲ. ಈ ಮೂರು ಕಾಲಂ ಶಬ್ದಕ್ಕೆ ಮಾಡಿದ್ದು, ಮನುಷ್ಯರಿಗೆ ಹೊಲಿದ ಅಂಗಿ ಅಲ್ಲ ಅಂದೆ. ಸೂರ್ಯ ಮೂಡಿದನು, ಸೂರ್ಯ ಮೂಡಿತು, ಎರಡೂ ಸರಿ. ಹುಡುಗಿ ಬಂದಳು, ಹುಡುಗಿ ಬಂತು, ಎರಡೂ ಸರಿ. ವ್ಯಾಕರಣ ಬರೆದವರೇ ಮೂರಕ್ಕೆ ನಿಲ್ಲದೆ ಪುನ್ನಪುಂಸಕ, ಸ್ತ್ರೀನಪುಂಸಕ ಅಂತ ಇನ್ನಷ್ಟು ಕಾಲಂ ಎಳೆದರು ಅಂತ ತೋರಿಸಿದೆ. ಆಮೇಲೆ ಒಂದು ನಿಯಮ ಹೇಳಿದೆ. ಈ ಕ್ಲಾಸಿನಲ್ಲಿ ಒಬ್ಬರಿಗೆ ಏನಾದರೂ ಹೇಳಬೇಕಾದರೆ ಅವರ ಮುಖ ನೋಡಿ 'ನೀನು' ಅಂತ ಹೇಳಿ. ಬೆನ್ನ ಹಿಂದೆ 'ಅದು' ಅಂತ ಯಾರಿಗೂ ಅನ್ನುವಂತಿಲ್ಲ. ಅಷ್ಟಕ್ಕೇ ಎಲ್ಲ ನಿಂತುಹೋಯಿತು ಎಂದು ಹೇಳಲಾರೆ. ಕಡಿಮೆ ಆಯಿತು.

ಆಮೇಲೆ ಹೆಡ್ ಮಾಸ್ಟರ್ ಹತ್ತಿರ ಹೋದೆ. ಕೆಟ್ಟವರಲ್ಲ, ಪಾಪ. ಹೆದರುವವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, 'ಮೇಡಂ, ಅದಕ್ಕೆಲ್ಲ ಟ್ರಾನ್ಸ್‌ಜೆಂಡರ್ ಅಂತ ಡಿಸಿ ಆಫೀಸಿಂದ ಸರ್ಟಿಫಿಕೇಟ್ ಬೇಕಂತೆ. ತರಲಿ, ಆಮೇಲೆ ನೋಡೋಣ' ಎಂದರು.

ಈ ಲೇಖನ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಬೇರೆ ಶಾಲೆಗಳ ಗೆಳತಿಯರು ಹೇಳಿದ್ದನ್ನು ಕೇಳಿದರೆ ಎಲ್ಲ ಕಡೆ ಇದೇ ಉತ್ತರ. ಸರ್ಟಿಫಿಕೇಟ್ ತರಲಿ.

ನಾನು ಕಾನೂನು ಓದಿದವಳಲ್ಲ. ಆದರೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ದೊಡ್ಡದೇನಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಓದಿದೆ. ಟ್ರಾನ್ಸ್‌ಜೆಂಡರ್ ಅಂದರೆ ಯಾರು ಅಂತ, ನಾನು ಓದಿದಾಗ, 2023ರಲ್ಲಿ, ಅದರಲ್ಲಿ ಬರೆದಿತ್ತು. ಹುಟ್ಟಿದಾಗ ಗುರುತಿಸಿದ ಲಿಂಗ ತನ್ನದಲ್ಲ ಅನ್ನುವ ವ್ಯಕ್ತಿ. ಟ್ರಾನ್ಸ್ ಗಂಡಸರು, ಟ್ರಾನ್ಸ್ ಹೆಂಗಸರು ಇಬ್ಬರೂ ಸೇರಿ, ಆಪರೇಷನ್ ಆಗಿರಲಿ ಬಿಡಲಿ. ಆ ವ್ಯಾಖ್ಯೆಯಲ್ಲಿ ಸರ್ಟಿಫಿಕೇಟ್ ಅನ್ನುವ ಪದವೇ ಇರಲಿಲ್ಲ. ಸೆಕ್ಷನ್ 3 ಶಾಲೆಗಳಲ್ಲಿ ಭೇದಭಾವ ಮಾಡಬಾರದು ಅನ್ನುತ್ತದೆ. ಸೆಕ್ಷನ್ 13 ಇನ್ನೂ ಸ್ಪಷ್ಟ. ಸರ್ಕಾರ ದುಡ್ಡು ಕೊಡುವ ಇಲ್ಲವೇ ಮಾನ್ಯತೆ ಕೊಟ್ಟ ಪ್ರತಿ ಶಾಲೆಯೂ ಇವರಿಗೆ ಎಲ್ಲರ ಜೊತೆಗೆ, ಎಲ್ಲರ ಸಮ ಶಿಕ್ಷಣ ಕೊಡಬೇಕು, ಆಟಕ್ಕೂ ಅವಕಾಶ ಕೊಡಬೇಕು. ಮಾತಿನಿಂದ, ಕೈಯಿಂದ ಹಿಂಸೆ ಕೊಟ್ಟವರಿಗೆ 6 ತಿಂಗಳಿಂದ 2 ವರ್ಷದ ತನಕ ಜೈಲು ಅಂತ ಸೆಕ್ಷನ್ 18 ಹೇಳುತ್ತದೆ. 2020ರ ನಿಯಮಗಳಲ್ಲಿ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಇಂಥ ಮಕ್ಕಳು ದೂರು ಹೇಳಿಕೊಳ್ಳಲು ಒಂದು ಸಮಿತಿ ಇರಬೇಕು ಎಂದೂ ಇದೆ. ಪೀಡಿಸುವವರು ಟೀಚರೇ ಆಗಿದ್ದರೂ ಅವರ ಕಾಟ ತಪ್ಪಿಸುವ ಅಧಿಕಾರ ಆ ಸಮಿತಿಗೆ.

ಹಾಗಾದರೆ ಸರ್ಟಿಫಿಕೇಟ್ ಯಾಕೆ? ದಾಖಲೆ ಬದಲಿಸುವುದಕ್ಕೆ. ಹೆಸರು, ಲಿಂಗ ತಿದ್ದಿಸಿಕೊಳ್ಳುವುದಕ್ಕೆ. ಮೂತ್ರಕ್ಕೆ ಹೋಗಲು ಒಂದು ಬಾಗಿಲು, ಹೆದರದೆ ಕೂರಲು ಒಂದು ಬೆಂಚು, ಇದಕ್ಕೆ ಯಾವ ಡಿಸಿ ಸಹಿಯೂ ಬೇಕಾಗಿಲ್ಲ.

ಇನ್ನೊಂದು ವಿಷಯ ಇದೆ. 18 ತುಂಬದ ಮಗು ತಾನೇ ಅರ್ಜಿ ಹಾಕುವಂತಿಲ್ಲ. ಅಪ್ಪ ಅಮ್ಮ ಅಥವಾ ಪೋಷಕರು ಹಾಕಬೇಕು. ಮನೆಯಲ್ಲಿ ಬಾಯಿ ಬಿಡಲು ಹೆದರುವ ಮಗುವಿಗೆ ಶಾಲೆ 'ಸರ್ಟಿಫಿಕೇಟ್ ತಾ' ಅಂದರೆ ಏನಂದ ಹಾಗಾಯಿತು? ಮೊದಲು ಮನೆಯಲ್ಲಿ ಹೊಡೆತ ತಿಂದು ಬಾ, ಆಮೇಲೆ ಇಲ್ಲಿ ಹೊಡೆಯದಂತೆ ನೋಡಿಕೊಳ್ಳುತ್ತೇವೆ ಅಂದ ಹಾಗೆ. ಇದನ್ನು ಹೆಡ್ ಮಾಸ್ಟರ್ ಎದುರು ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರು ಪ್ರಿಂಟ್ ಇಸಕೊಂಡು, ಪೆನ್ಸಿಲ್ ಗುರುತು ಇದ್ದ ಕಡೆಗಳನ್ನು ಎರಡು ಸಲ ಓದಿದರು. 'ಸಮಿತಿ ಮಾಡೋಣ' ಎಂದರು. ನಡವಳಿ ಪುಸ್ತಕದಲ್ಲಿ ಮಗುವಿನ ಹೆಸರಿಲ್ಲದೆ ಬರೆದೆವು. ನಾನು, ಪಿಟಿ ಮಾಸ್ಟರ್, ವಿಜ್ಞಾನದ ಮೇಡಂ, ಮೂರು ಜನ.

ಟಾಯ್ಲೆಟ್ ಎಲ್ಲಿಂದ ತರುವುದು? ಸ್ಟಾಫ್ ಟಾಯ್ಲೆಟ್ ಕೀಲಿ ಕೊಡೋಣ ಅಂದರೆ ಇಬ್ಬರು ಒಪ್ಪಲಿಲ್ಲ. ಪಿಟಿ ಮಾಸ್ಟರ್ ಹೇಳಿದ ಮೇಲೆ ನನಗೆ ಹೊಳೆಯಿತು. ನಮ್ಮಲ್ಲಿ ಇನ್ನೊಂದು ಇದೆಯಲ್ಲ! ವಿಶೇಷ ಚೇತನ ಮಕ್ಕಳಿಗೆ ಅಂತ ರ‍್ಯಾಂಪ್ ಕಟ್ಟಿ, ಗೋಡೆಗೆ ಹಿಡಿಕೆ ಹಾಕಿ ಕಟ್ಟಿಸಿದ್ದು. ಕಟ್ಟಿಸಿದ ವರ್ಷವೇ ಅದರೊಳಗೆ ಮುರಿದ ಬೆಂಚು, ಬಿಸಿಯೂಟದ ಸೌದೆ, ಹಳೇ ಚುನಾವಣೆಯ ಬೋರ್ಡು ತುಂಬಿದ್ದರು. ಒಂದು ಶನಿವಾರ ಮಧ್ಯಾಹ್ನ ನಾವು ಮೂವರು, ಅಡುಗೆ ಅಕ್ಕ, ಆರೇಳು ಮಕ್ಕಳು ಸೇರಿ ಖಾಲಿ ಮಾಡಿದೆವು. ಎರಡು ಚೇಳು ಸಿಕ್ಕವು. ನಲ್ಲಿಯಿಂದ ಬರೀ ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆ ನೀರು. ಹೊರಗಿನ ಚಿಲಕವನ್ನು ಪಿಟಿ ಮಾಸ್ಟರ್ ಸ್ಕ್ರೂ ಬಿಚ್ಚಿ ತೆಗೆದೇಬಿಟ್ಟರು. ಒಳಗೆ ಮಾತ್ರ ಚಿಲಕ. ಬಾಗಿಲ ಮೇಲೆ ಯಾವ ಚಿತ್ರವನ್ನೂ, ಯಾವ ಅಕ್ಷರವನ್ನೂ ಬರೆಸಲಿಲ್ಲ. ಸೋಮವಾರ ಪ್ರಾರ್ಥನೆಯಲ್ಲಿ 'ಇದು ಯಾರು ಬೇಕಾದರೂ ಹೋಗಬಹುದಾದ ಟಾಯ್ಲೆಟ್, ಒಬ್ಬೊಬ್ಬರೇ' ಅಂತ ಹೇಳಿದೆವು, ಅಷ್ಟೇ.

ಬೋರ್ಡ್ ಹಾಕದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹತ್ತನೇ ಕ್ಲಾಸಿನ ಹುಡುಗ ಅಲ್ಲಿಗೇ ಹೋದ. ಮುಟ್ಟಾದ ದಿನ ಹುಡುಗಿಯರೂ ಅದನ್ನೇ ಬಳಸಿದರು, ಯಾಕೆಂದರೆ ಅಲ್ಲಿ ಒಳಗೇ ನಲ್ಲಿ ಇತ್ತು. ಹಾಗಾಗಿ ಚೇತು ಅಲ್ಲಿಗೆ ಹೋದರೆ ಯಾರೂ ತಿರುಗಿ ನೋಡುವ ಕಾರಣವೇ ಇರಲಿಲ್ಲ. ದೀಪಾವಳಿ ಹೊತ್ತಿಗೆ ಹಸಿರು ಬಾಟಲಿ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರಾರ್ಥನೆಗೆ ಹುಡುಗರ ಸಾಲು, ಹುಡುಗಿಯರ ಸಾಲು ಬಿಟ್ಟು ಎತ್ತರದ ಪ್ರಕಾರ ನಿಲ್ಲಿಸಿದೆವು. ಚಳಿಗಾಲದಲ್ಲಿ ಚೂಡಿದಾರ್ ಮೇಲೆ ಸ್ವೆಟರ್ ಹಾಕಿಕೊಂಡರೆ ತೆಗೆ ಅನ್ನಲಿಲ್ಲ. ಮಾರ್ಚ್ ಬಿಸಿಲಲ್ಲೂ ಅವನು ತೆಗೆಯುತ್ತಿರಲಿಲ್ಲ, ಅದಕ್ಕೂ ಸುಮ್ಮನಿದ್ದೆವು. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರನ್ನು ಕೆಂಪು ಇಂಕಿನಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿತ್ತು. ನನ್ನ ಕ್ಲಾಸಿನದನ್ನು ಅಕಾರಾದಿಯಾಗಿ ಒಂದೇ ಇಂಕಿನಲ್ಲಿ ಬರೆದು, ಹೆಸರಿನ ಬದಲು ನಂಬರ್ ಕೂಗಿದೆ. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಹಂಚುವ ದಿನ ಹುಡುಗಿಯರನ್ನೆಲ್ಲ ಒಂದು ರೂಮಿಗೆ ಕರೆಯುತ್ತಾರೆ, ಅವನು ಬರುತ್ತಿರಲಿಲ್ಲ. ಅವನ ಪಾಲಿನದನ್ನು ಪೇಪರಿನಲ್ಲಿ ಸುತ್ತಿ ನನ್ನ ಬೀರುವಿನಲ್ಲಿ ನಿಘಂಟಿನ ಹಿಂದೆ ಇಡುತ್ತಿದ್ದೆ. ಬೇಕಾದಾಗ ಬಂದು 'ಮಿಸ್, ನಿಘಂಟು ಬೇಕಿತ್ತು' ಅನ್ನುತ್ತಿದ್ದ.

ಚಿಲಕ ಹಾಕಿದ್ದ ಹುಡುಗಿಯರು ಯಾರು ಅಂತ ಪತ್ತೆಯಾಯಿತು. ಮೂವರು. ಪ್ರಾರ್ಥನೆಯಲ್ಲಿ ನಿಲ್ಲಿಸಿ ಅವಮಾನ ಮಾಡುವುದು ನನಗೆ ಬೇಕಿರಲಿಲ್ಲ. ವಿಜ್ಞಾನದ ಮೇಡಂ ಅವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಅವರಿಗೂ ಭಯವಿತ್ತು. 'ಹುಡುಗನ ಥರ ಇದಾಳೆ, ಒಳಗೆ ಬಂದ್ರೆ ನಮಗೆ ಹೆದರಿಕೆ ಆಗುತ್ತೆ ಮೇಡಂ' ಎಂದಳು ಒಬ್ಬಳು. ಆ ಹೆದರಿಕೆ ಸುಳ್ಳಲ್ಲ, ಅದನ್ನು ಗದರಿಸಿ ಬಾಯಿ ಮುಚ್ಚಿಸಬಾರದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಬಾಗಿಲು ಸಿಕ್ಕ ಮೇಲೆ ಇಬ್ಬರ ಹೆದರಿಕೆಯೂ ಒಟ್ಟಿಗೇ ಹೋಯಿತು. ಅವರಲ್ಲಿ ಒಬ್ಬಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನ ಪಕ್ಕದ ಬೆಂಚಿಗೆ ಬಂದಿದ್ದಳು.

ಸೋತದ್ದೂ ಇದೆ. ಖೋ ಖೋ. ಅವನಷ್ಟು ಚುರುಕಾಗಿ ಕಂಬ ತಿರುಗುವವರನ್ನು ನಮ್ಮ ಶಾಲೆಯಲ್ಲಿ ನಾನು ನೋಡಿಲ್ಲ. ತಾಲೂಕು ಮಟ್ಟಕ್ಕೆ ಹೆಸರು ಕಳಿಸಬೇಕಾದಾಗ ದಾಖಲೆಯಲ್ಲಿ ಇದ್ದದ್ದು ಬಾಲಕಿಯರ ತಂಡ. 'ನಾನು ಆ ತಂಡದಲ್ಲಿ ಆಡಲ್ಲ ಸರ್' ಎಂದ. ಹುಡುಗರ ತಂಡಕ್ಕೆ ಸೇರಿಸಲು ಪಿಟಿ ಮಾಸ್ಟರ್ ಎರಡು ಕಡೆ ಕೇಳಿ ನೋಡಿದರು, ದಾರಿ ಸಿಗಲಿಲ್ಲ. ಕಾಯ್ದೆಯಲ್ಲಿ ಆಟ ಅನ್ನುವ ಪದ ಇದೆ. ಆ ಪದ ನಮ್ಮ ತಾಲೂಕು ಮೈದಾನದ ತನಕ ಬಂದಿರಲಿಲ್ಲ. ಅವನು ಸ್ಕೋರ್ ಬರೆಯಲು ಹೋದ. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ಹುಡುಗರು ಡೈವ್ ಹೊಡೆದಾಗಲೆಲ್ಲ ಇವನ ಭುಜ ತಾನೇ ಮುಂದಕ್ಕೆ ಬಾಗುತ್ತಿತ್ತು. ಅದನ್ನು ನೋಡಲಾಗದೆ ನಾನು ಟೀ ಕುಡಿಯುವ ನೆಪದಲ್ಲಿ ಎದ್ದು ಹೋದೆ.

2021ರಲ್ಲಿ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವುದು ಹೇಗೆ ಅಂತ ಶಿಕ್ಷಕರಿಗೆ ಒಂದು ಕೈಪಿಡಿ ತಂದಿತ್ತು. ಎಲ್ಲರೂ ಬಳಸುವಂಥ ಟಾಯ್ಲೆಟ್ ಬಗ್ಗೆ, ಸಮವಸ್ತ್ರದ ಬಗ್ಗೆ ಅದರಲ್ಲಿತ್ತು. ಆಕ್ಷೇಪ ಬಂದ ಮೇಲೆ ಕೆಲವೇ ದಿನಗಳಲ್ಲಿ ವೆಬ್‌ಸೈಟ್‌ನಿಂದ ತೆಗೆದುಬಿಟ್ಟರು. ಅದು ಕನ್ನಡಕ್ಕೆ ಬಂದು ಪ್ರತಿ ಶಾಲೆಯ ಬೀರುವಿನಲ್ಲಿ ಇದ್ದಿದ್ದರೆ, ಚೇತು ನಮ್ಮ ಶಾಲೆಗೆ ಬರುವ ಮೊದಲೇ ನಾನು ಅದನ್ನು ಓದಿರುತ್ತಿದ್ದೆ. ಜೂನ್ ತಿಂಗಳ ಆ ವ್ಯಾಕರಣ ಪಾಠ ಹಾಗೆ ಆಗುತ್ತಿರಲಿಲ್ಲ. ನನಗೆ ಕೋಪ ಬರುವುದು ಇದಕ್ಕೆ. ನಮಗೆ ಶಿಕ್ಷಕರಿಗೆ ಕಲಿಯುವ ಮನಸ್ಸಿಲ್ಲ ಅಂತ ಅಲ್ಲ. ಮಕ್ಕಳ ಎದುರು ನಿಲ್ಲುವವರ ಕೈಗೆ ಪುಸ್ತಕ ಸೇರುವ ಮೊದಲೇ ಕಿತ್ತುಕೊಂಡರು.

ಮನೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಅಮ್ಮ ಗಾರ್ಮೆಂಟ್ಸ್ ಬಸ್ಸಿಗೆ ಬೆಳಿಗ್ಗೆ ಆರಕ್ಕೆ ಹೋಗುವವರು. ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸ. ಆಸ್ಪತ್ರೆಗೆ ಸೇರಿಸಿದ್ದಕ್ಕೆ ಅವತ್ತು ಸಂಜೆ ಬಂದು, ಬಾಗಿಲಲ್ಲೇ ನಿಂತು, ಬಿರುಕು ಬಿಟ್ಟ ಕೈ ಜೋಡಿಸಿದರು. 'ಈ ಹುಡುಗಿ ಗಂಡು ಥರ ಆಡ್ತದೆ ಮೇಡಂ. ಬೇಗ ಮದುವೆ ಮಾಡಿದ್ರೆ ಸರಿ ಹೋಗುತ್ತೆ ಅಂತ ನಮ್ಮಣ್ಣ ಅಂತಾನೆ' ಎಂದರು. ಚೇತು ನನಗೆ ನಂಬಿ ಹೇಳಿದ್ದನ್ನು ನಾನು ಹೇಳಲಿಲ್ಲ. ಅದು ಅವನು ಹೇಳಬೇಕಾದ್ದು, ಅವನಿಗೆ ಬೇಕಾದಾಗ. 18ಕ್ಕೆ ಮೊದಲು ಮದುವೆ ಮಾಡಿದರೆ ಅಪರಾಧ, ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು ಅಂತ ಮಾತ್ರ ಹೇಳಿದೆ. 'ಓದಿಸಿ ಅಣ್ಣ. ಓದಲ್ಲಿ ಮುಂದಿದೆ ಮಗು' ಎಂದೆ. ಆಗಲೂ ನನಗೆ ಉಪಯೋಗಕ್ಕೆ ಬಂದದ್ದು ಆ 'ಮಗು'ವೇ. ಅವರ ಎದುರು ಸುಳ್ಳಾಗಲಿಲ್ಲ, ಅವನಿಗೆ ದ್ರೋಹವಾಗಲಿಲ್ಲ.

ಚೇತುವಿಗೆ ತನ್ನಂಥವರು ಯಾರೂ ಇಲ್ಲ ಅನ್ನಿಸಿತ್ತು. ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗು ಹಿಡಿದು ದೃಷ್ಟಿ ತೆಗೆದ ವಿಡಿಯೋ ಅವನ ಫೋನಲ್ಲಿತ್ತು. 'ಅವರು ಹೆಂಗಸರು ಮಿಸ್. ನನ್ನ ಥರ ಗಂಡು ಆದವರು ಇರ್ತಾರಾ?' ಎಂದು ಕೇಳಿದ್ದ. ಇರುತ್ತಾರೆ, ಕಾಯ್ದೆಯಲ್ಲೇ ಹೆಸರಿದೆ ಅಂತ ಆ ಪುಟ ತೋರಿಸಿದೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸಗಳಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. 2022ರ ನವೆಂಬರ್‌ನಲ್ಲಿ ಬಂದ ಪದವೀಧರ ಪ್ರಾಥಮಿಕ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಮೂವರಿದ್ದರು. ಅದನ್ನು ಕೇಳಿ ಅವನು ತುಂಬಾ ಹೊತ್ತು ಸುಮ್ಮನೆ ಕೂತಿದ್ದ. 'ಮಿಸ್ ಆಗಬಹುದಾ ಅಂದ್ರೆ… ಸರ್ ಆಗಬಹುದಾ?' ಎಂದ. ಆಗಬಹುದು. ಆದರೆ ಮೀಸಲಾತಿ ತನಕ ಹೋಗಬೇಕಾದರೆ ಮೊದಲು ಎಸ್ಸೆಸ್ಸೆಲ್ಸಿ ದಾಟಬೇಕು. ನೀರು ಕುಡಿಯದೆ ಕೂತ ಮಗು ಅಲ್ಲಿಯ ತನಕ ಎಲ್ಲಿ ಬರುತ್ತದೆ ಹೇಳಿ.

ಎಸ್ಸೆಸ್ಸೆಲ್ಸಿ ಅಂದಾಗ ನೆನಪಾಗುವುದು ಒಂದೇ ದೃಶ್ಯ.

ಪರೀಕ್ಷೆಗೆ ಮೊದಲು ಮಕ್ಕಳ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಕು, ಲಿಂಗ ಎಲ್ಲ ಇರುವ ಪಟ್ಟಿಯನ್ನು ಪ್ರಿಂಟ್ ತೆಗೆದು, ಸರಿಯಿದೆ ಅಂತ ಮಕ್ಕಳಿಂದಲೇ ಸಹಿ ಮಾಡಿಸಿಕೊಳ್ಳುತ್ತೇವೆ. ಇಲ್ಲಿ ಬಂದದ್ದೇ ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅಂದರೆ ಜನ್ಮಕುಂಡಲಿ ಇದ್ದ ಹಾಗೆ. ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಅದು ಕೈಗೆ ಬರುವುದು 16ನೇ ವಯಸ್ಸಿಗೆ. ತನ್ನ ಹೆಸರಿಗೆ ತಾನೇ ಅರ್ಜಿ ಹಾಕುವ ವಯಸ್ಸು 18. ಈ ಎರಡು ವರ್ಷದ ಸಂದಿಯಲ್ಲಿ ಇಂಥ ಮಕ್ಕಳು ಬೀಳುತ್ತಾರೆ.

ಬೇರೆ ಮಕ್ಕಳು ತಮ್ಮ ಇನಿಷಿಯಲ್ ಸರಿಯಿದೆಯಾ, ಸ್ಪೆಲ್ಲಿಂಗ್ ಸರಿಯಿದೆಯಾ ಅಂತ ಗಲಾಟೆ ಮಾಡಿಕೊಂಡು ಸಹಿ ಹಾಕಿ ಹೋದರು. ಇವನು ಕೊನೆಯಲ್ಲಿ ಬಂದ. ಹೆಸರಿನ ಮೇಲೆ ಬೆರಳಿಟ್ಟು ನೋಡಿದ. ಪಕ್ಕದಲ್ಲಿ ಲಿಂಗ ಅಂತ ಇದ್ದ ಕಾಲಂ ನೋಡಿದ. ಪೆನ್ನಿನ ಕ್ಯಾಪ್ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ.

'ಸಹಿ ಯಾವ ಹೆಸರಲ್ಲಿ ಮಾಡ್ಲಿ ಮಿಸ್?'

ಮನೆಯಲ್ಲಿ ಹೇಳಿ, ಅವರ ಕೈಲಿ ಅರ್ಜಿ ಹಾಕಿಸೋಣವಾ ಅಂತ ಅದಕ್ಕೆ ಮೊದಲೇ ಎರಡು ಸಲ ಕೇಳಿದ್ದೆ. ಎರಡು ಸಲವೂ ಬೇಡ ಅಂದಿದ್ದ. ಹಾಗಾಗಿ ನನ್ನ ಹತ್ತಿರ ಒಂದೇ ಉತ್ತರ ಇತ್ತು.

'ಅಲ್ಲಿ ಇರೋ ಹೆಸರಲ್ಲೇ ಮಾಡಪ್ಪ.'

ಮಾಡಿದ. ಅಕ್ಷರ ಅಕ್ಷರವಾಗಿ, ಎರಡನೇ ಕ್ಲಾಸಿನ ಮಕ್ಕಳು ಕಾಪಿ ಬರೆಯುವ ಹಾಗೆ. ತನ್ನ ಸಹಿ ಅಂತ ಅವನು ನೋಟ್‌ಬುಕ್ಕಿನ ಹಿಂದೆಲ್ಲ ಗೀಚುತ್ತಿದ್ದ ಸೊಗಸಾದ ಸಹಿ ನಾನು ನೋಡಿದ್ದೆ. ಅದಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಪಟ್ಟಿ ಮಡಿಚಿ ಕವರಿಗೆ ಹಾಕಿದೆ. ಅದನ್ನು ಅಂಟಿಸುವಾಗ ನನ್ನ ಕೈ ನಡುಗುತ್ತಿತ್ತು.

2025ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದ. ಫಸ್ಟ್ ಕ್ಲಾಸ್. ಕನ್ನಡದಲ್ಲಿ 125ಕ್ಕೆ 119. ಈಗ ತಾಲೂಕಿನ ಪಿಯು ಕಾಲೇಜಿನಲ್ಲಿ ಕಾಮರ್ಸ್. ಸೇರುವ ಮುಂಚೆ ನಾನು, ಪಿಟಿ ಮಾಸ್ಟರ್ ಹೋಗಿ ಅಲ್ಲಿಯ ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆವು. ಚೇತುವೇ ಜೊತೆಗೆ ಬಂದು ತನ್ನ ಬಗ್ಗೆ ತಾನೇ ಹೇಳಿದ. ಅವರು ಸರ್ಟಿಫಿಕೇಟ್ ಕೇಳಲಿಲ್ಲ. ಬಾಗಿಲು ಎಲ್ಲಿದೆ ಅಂತ ತೋರಿಸಿದರು.

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಒಂದು ತೀರ್ಪು ಬಂತು. ಟ್ರಾನ್ಸ್ ಮಹಿಳೆ ಅಂತ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡೆ ಎಂದು ಕೋರ್ಟಿಗೆ ಹೋದ ಜೇನ್ ಕೌಶಿಕ್ ಅನ್ನುವ ಶಿಕ್ಷಕಿಯ ಪ್ರಕರಣ. ಅವರಿಗೆ ಪರಿಹಾರ ಕೊಡಿಸಿ, ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಕೋರ್ಟ್ ಸಮಿತಿ ಮಾಡಿತು. ನಮ್ಮ ರಾಜ್ಯದ ಟ್ರಾನ್ಸ್ ಹಕ್ಕುಗಳ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರನ್ನೂ ಅದಕ್ಕೆ ಸೇರಿಸಿತು. ಪೇಪರ್ ಕತ್ತರಿಸಿ ಚೇತುವಿಗೆ ಫೋಟೋ ಕಳಿಸಿದೆ. ಟೀಚರ್‌ಗಳಿಗೇ ಹೀಗಾದರೆ ಮಕ್ಕಳ ಗತಿ ಏನು ಅಂತ ನಾನು ಯೋಚಿಸುತ್ತಿದ್ದೆ. ಅವನು ಉತ್ತರ ಬರೆದದ್ದು: 'ಅಂದ್ರೆ ನಾನು ಟೀಚರ್ ಆದಾಗ ತೆಗೆಯೋ ಹಾಗಿಲ್ಲ ಅಲ್ವಾ ಮಿಸ್?'

ಅವನಿಗೆ 18 ತುಂಬುವುದು 2027ರ ಜುಲೈನಲ್ಲಿ. ಆ ತೀರ್ಪಿನ ನಂತರ ಒಂದು ಭಾನುವಾರ ಮನೆಗೆ ಬಂದಿದ್ದ. ಆಗಿನ ನಿಯಮದಂತೆ ಬೇಕಾಗುವ ಕಾಗದಗಳ ಪಟ್ಟಿ ಮಾಡಿದೆವು. ಅಫಿಡವಿಟ್, ಆನ್‌ಲೈನ್ ಅರ್ಜಿ, ಸರ್ಟಿಫಿಕೇಟ್ ಬಂದ ಮೇಲೆ ಆಧಾರ್. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಜನನ ಪ್ರಮಾಣಪತ್ರವನ್ನೂ ತಿದ್ದಿ ಕೊಡಬೇಕು ಎಂದು ಹೇಳಿದ್ದರಿಂದ ಅದನ್ನೂ ಸೇರಿಸಿದೆವು. ಕೊನೆಯಲ್ಲಿ ಮಾರ್ಕ್ಸ್ ಕಾರ್ಡ್. ಶಾಲೆ, ಬೋರ್ಡ್ ಕೊಡುವ ಸರ್ಟಿಫಿಕೇಟುಗಳೂ ತಿದ್ದಬಹುದಾದ ದಾಖಲೆಗಳ ಪಟ್ಟಿಯಲ್ಲಿವೆ ಅಂತ ನಿಯಮದ ಪುಟ ತೆಗೆದು ತೋರಿಸಿದೆ. ಅವನು ಅದರ ಫೋಟೋ ತೆಗೆದುಕೊಂಡ.

'ಆಗ ಬೋರ್ಡಿಗೆ ಅರ್ಜಿ ಕನ್ನಡದಲ್ಲಿ ನೀವೇ ಬರೆದುಕೊಡ್ತೀರಾ ಮಿಸ್?'

'ನೀನೇ ಬರಿ. ನಾನು ತಿದ್ದಿಕೊಡ್ತೀನಿ.'

ಅಲ್ಲೇ ಕೂತು ಬರೆಯಲು ಶುರು ಮಾಡಿದ. ಮಧ್ಯೆ ಎದ್ದು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾನೆ. ಕೆಳಗೆ ಸಹಿ ಮಾತ್ರ ಈಗಲೇ ಹಾಕಿದ್ದಾನೆ.